ಮಾಗಿಯ ಚಳಿಯೂ ಕಾಲಿನ ನೋವೂ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯನ್ನು ಜನರು ಕಲ್ಪತರು ನಾಡೆಂದು ಕರೆಯುತ್ತಾರೆ. ತೆಂಗಿನ ಸೀಮೆಯೆಂದ ಕೂಡಲೇ ದೂರದವರು ಕಡಲ ತೀರದ ಸೆಕೆಯನ್ನು ನೆನೆಯುವುದುಂಟು. ತಿಪಟೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಊರು. ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ, ಇಲ್ಲಿ ಸಂಜೆ ಆರರ ಹೊತ್ತಿಗೇ ತೋಟದ ಒಳಗಿನಿಂದ ಚಳಿ ಎದ್ದು ಬರುತ್ತದೆ. ಮುಂಜಾನೆ ಗರಿಗಳ ತುದಿಯಿಂದ ಇಬ್ಬನಿ ಮಳೆಹನಿಯಂತೆ ತೊಟ್ಟಿಕ್ಕುತ್ತದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾದಿರುವ ಕಾಯಿ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವ ನಾಡಿನಲ್ಲಿ ನಾವು ಅರುವತ್ತನಾಲ್ಕು ಮಾಗಿಗಳನ್ನು ಕಂಡಿದ್ದೇವೆ.

ಈ ಐದಾರು ವರ್ಷಗಳಿಂದ ಮಾಗಿ ಬಂತೆಂದರೆ ನಮಗೆ ಒಂದು ಭಯ. ರಾತ್ರಿ ಎರಡು ಮೂರು ಗಂಟೆಯ ವೇಳೆಗೆ ಗಾಢ ನಿದ್ರೆಯಲ್ಲಿರುವಾಗ ಎಡಗಾಲಿನ ಮೀನಖಂಡ ಇದ್ದಕ್ಕಿದ್ದಂತೆ ಗಂಟುಕಟ್ಟುತ್ತದೆ. ಹೆಬ್ಬೆರಳು ಕೆಳಕ್ಕೆ ಬಾಗಿ, ಪಾದ ಬಿಲ್ಲಿನಂತೆ ಬಿಗಿದು, ಯಾರೋ ಒಳಗಿನಿಂದ ಹಗ್ಗ ಹಿಡಿದು ಎಳೆಯುತ್ತಿರುವರೋ ಎಂಬಂತೆ ನೋಯುತ್ತದೆ. ಕೈಯಿಂದ ಮುಟ್ಟಿದರೆ ಮಾಂಸಖಂಡ ಕಲ್ಲಿನಂತಿರುತ್ತದೆ. ಒಂದೆರಡು ನಿಮಿಷಗಳಲ್ಲಿ ಸಡಿಲವಾದರೂ ಅದರ ನೋವು ಬೆಳಗಿನವರೆಗೆ ಉಳಿಯುತ್ತದೆ. ಪ್ರಾತಃಕಾಲದಲ್ಲಿ ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗಪೂಜೆಗೆ ಪದ್ಮಾಸನ ಹಾಕಿ ಕುಳಿತರೆ ಮನಸ್ಸು ಕರಸ್ಥಲದಲ್ಲಿ ನಿಲ್ಲುವುದಿಲ್ಲ; ಕಾಲಿನ ಕಡೆಗೇ ಓಡುತ್ತದೆ.

ಈ ಮಾಸಪತ್ರಿಕೆಯನ್ನು ಓದುವ ಕುಟುಂಬಗಳಲ್ಲಿ ಇಂತಹ ನೋವನ್ನು ಬಲ್ಲ ಹಿರಿಯರು ಅನೇಕರಿರುವರು. ಅವರಿಗಾಗಿಯೇ ಈ ಬರಹ. ಆದರೆ ಇದನ್ನು ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ನಮ್ಮ ನೋವಲ್ಲ, ನಮ್ಮಿಂದಾದ ಒಂದು ತಪ್ಪು. ಅದನ್ನು ಹೇಳದೆ ಔಷಧಿಯ ಮಾತನ್ನಷ್ಟೇ ಹೇಳಿದರೆ ಓದುಗರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ನಾವು ಹನ್ನೆರಡನೆಯ ವಯಸ್ಸಿನಲ್ಲಿ, 1973ರಲ್ಲಿ, ಸಿದ್ಧಗಂಗೆಯ ಸಂಸ್ಕೃತ ಪಾಠಶಾಲೆಗೆ ಸೇರಿದೆವು. ಆಗ ಮಠದ ಪೀಠದಲ್ಲಿದ್ದವರು ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು. 1941ರಲ್ಲಿ ಮಠದ ಹೊಣೆ ಹೊತ್ತು, 2019ರಲ್ಲಿ ನೂರಹನ್ನೊಂದರ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ನಡೆಸಿದವರು. ಬೆಟ್ಟದ ಬುಡದ ಚಳಿ, ನೆಲದ ಮೇಲೆ ಚಾಪೆ, ಮನೆಯಿಂದ ತಂದ ಒಂದು ಕಂಬಳಿ, ಬೆಳಗಿನ ಸಾಮೂಹಿಕ ಪ್ರಾರ್ಥನೆ, ಮುದ್ದೆಯ ಊಟ: ಆ ದಿನಗಳನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಹುಡುಗರು ಹಗಲೆಲ್ಲ ಓಡಾಡಿ ರಾತ್ರಿ ಮಲಗಿದಾಗ ಒಬ್ಬರಲ್ಲ ಒಬ್ಬರಿಗೆ ಕಾಲು ಹಿಡಿದುಕೊಳ್ಳುತ್ತಿತ್ತು. ಆಗ ಹಿರಿಯ ವಿದ್ಯಾರ್ಥಿಯೊಬ್ಬರು ಅಳುವವನನ್ನು ಎಬ್ಬಿಸಿ, “ನಿಂತ್ಕೋ, ಹಿಮ್ಮಡಿ ನೆಲಕ್ಕೆ ಊರು, ಎದೆ ಮುಂದಕ್ಕೆ ಬಾಗಿಸು” ಎಂದು ಗೋಡೆಗೆ ಕೈಯೂರಿಸಿ ನಿಲ್ಲಿಸುತ್ತಿದ್ದರು. ಅರೆಗಳಿಗೆಯಲ್ಲಿ ಕಾಲು ಬಿಡುತ್ತಿತ್ತು. ಅದು ಅವರಿಗೆ ಯಾವ ಗ್ರಂಥದಿಂದಲೂ ಬಂದ ವಿದ್ಯೆಯಲ್ಲ. ಅವರ ತಂದೆ ಮರವೇರಿ ಕಾಯಿ ಕೀಳುವವರಾಗಿದ್ದರು.

ನಾವು ಓದಿದ್ದು ಸಾಹಿತ್ಯ ಮತ್ತು ಶಕ್ತಿವಿಶಿಷ್ಟಾದ್ವೈತ. ಆದರೂ ಪಾಠಶಾಲೆಯಲ್ಲಿ ವೈದ್ಯವನ್ನು ಬಲ್ಲ ಪಂಡಿತರೊಬ್ಬರ ಒಲವಿನಿಂದ ಚರಕಸಂಹಿತೆಯ ಸೂತ್ರಸ್ಥಾನವನ್ನು ಬಿಡುವಿನ ವೇಳೆಯಲ್ಲಿ ಓದಿದೆವು. ಅದರ ಇಪ್ಪತ್ತನೆಯ ಅಧ್ಯಾಯದಲ್ಲಿ ವಾತದಿಂದ ಹುಟ್ಟುವ ಎಂಬತ್ತು, ಪಿತ್ತದಿಂದ ಹುಟ್ಟುವ ನಲವತ್ತು, ಕಫದಿಂದ ಹುಟ್ಟುವ ಇಪ್ಪತ್ತು ವಿಕಾರಗಳ ಪಟ್ಟಿಯಿದೆ. ವಾತದ ಪಟ್ಟಿಯಲ್ಲಿ ಪಾದಶೂಲವುಂಟು, ಪಾದಸುಪ್ತತೆಯುಂಟು, ಪಿಂಡಿಕೋದ್ವೇಷ್ಟನವುಂಟು. ಪಾದಶೂಲವೆಂದರೆ ಪಾದದ ನೋವು. ಪಾದಸುಪ್ತತೆಯೆಂದರೆ ಪಾದವು ನಿದ್ರಿಸಿದಂತೆ ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುವುದು. ಪಿಂಡಿಕೋದ್ವೇಷ್ಟನವೆಂದರೆ ಮೀನಖಂಡ ತಿರುಚಿಕೊಳ್ಳುವುದು. ಈ ಪಟ್ಟಿಯನ್ನು ನಾವು ಬಾಯಿಪಾಠ ಮಾಡಿದ್ದೆವು. ಐವತ್ತು ವರ್ಷಗಳ ಮೇಲೂ ತಡವರಿಸದೆ ಒಪ್ಪಿಸಬಲ್ಲೆವೆಂಬ ಹೆಮ್ಮೆಯೂ ನಮಗಿತ್ತು.

ಊರಿನ ಪ್ರೌಢಶಾಲೆಯಲ್ಲಿ ಸಂಸ್ಕೃತ ಅಧ್ಯಾಪಕರಾಗಿದ್ದು ನಿವೃತ್ತರಾದ ಮೇಲೆ, ಸುತ್ತಲಿನವರು ‘ಶಾಸ್ತ್ರಿಗಳು’ ಎಂದು ಕರೆದು ಎಲ್ಲಕ್ಕೂ ಸಲಹೆ ಕೇಳುವುದು ರೂಢಿಯಾಯಿತು. ಮುಹೂರ್ತ ಕೇಳುವರು, ಮಗುವಿಗೆ ಹೆಸರು ಕೇಳುವರು, ಕೊನೆಗೆ ಮೈಕೈ ನೋವಿಗೆ ಮದ್ದನ್ನೂ ಕೇಳುವರು. ವೈದ್ಯರಲ್ಲದ ನಾವು ವೈದ್ಯರಂತೆ ನುಡಿಯುವ ಅಭ್ಯಾಸ ನಮಗೆ ತಿಳಿಯದಂತೆಯೇ ಬೆಳೆಯಿತು.

ನಮ್ಮೊಡನೆ ಪಾಠಶಾಲೆಯಲ್ಲಿ ಓದಿದ ಗೆಳೆಯರೊಬ್ಬರು ತುರುವೇಕೆರೆಯ ಕಡೆಯ ತೋಟಗಾರರು. ಊರಿನಲ್ಲಿ ಗೌಡರೆಂದು ಕರೆಯುವುದರಿಂದ ನಾವೂ ಇಲ್ಲಿ ಹಾಗೆಯೇ ಕರೆಯುತ್ತೇವೆ. ಯೌವನದಲ್ಲಿ ನಾವಿಬ್ಬರೂ ಎಡೆಯೂರು ಸಿದ್ಧಲಿಂಗೇಶ್ವರ ಸ್ವಾಮಿಯ ಜಾತ್ರೆಗೆ ಬರಿಗಾಲಿನಲ್ಲಿ ನಡೆದು ಹೋಗುತ್ತಿದ್ದೆವು. ಅವರ ಹೆಜ್ಜೆಗೆ ನಮ್ಮ ಹೆಜ್ಜೆ ಎಂದೂ ಸಮವಾಗುತ್ತಿರಲಿಲ್ಲ.

2023ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಅವರು ಕೊಬ್ಬರಿ ಮಾರಲು ತಿಪಟೂರಿನ ಮಾರುಕಟ್ಟೆಗೆ ಬಂದವರು ನಮ್ಮಲ್ಲಿ ತಂಗಿದರು. ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಮಾತನಾಡುತ್ತಿದ್ದಾಗ ನಾವು ನಮ್ಮ ಕಾಲಿನ ಪುರಾಣವನ್ನು ಬಿಚ್ಚಿದೆವು. ಅವರು ನಕ್ಕು, “ನಿಮಗಾದರೂ ಹಿಡಿದು ಬಿಡುತ್ತೆ ಶಾಸ್ತ್ರಿಗಳೇ, ನಂದು ಬೇರೆ ಕಥೆ. ರಾತ್ರಿ ಪಾದ ಉರಿಯುತ್ತೆ, ಇರುವೆ ಹರಿದಂಗಾಗುತ್ತೆ. ಹಗಲು ಹೊತ್ತು ಮರದ ಕೊರಡಿದ್ದಂಗೆ. ಮೊನ್ನೆ ತೋಟದಲ್ಲಿ ಚಪ್ಪಲಿ ಕಳಚಿಹೋಗಿದ್ದೇ ಗೊತ್ತಾಗಲಿಲ್ಲ, ಬದುವಿನ ತನಕ ಹಂಗೇ ನಡೆದಿದ್ದೆ” ಎಂದರು.

ಆ ಮಾತನ್ನು ನಾವು ಕೇಳಿದೆವು, ಆದರೆ ಕಿವಿಗೊಡಲಿಲ್ಲ. “ಎಲ್ಲಾ ಚಳಿಯ ವಾತ ಗೌಡರೇ. ನೀರೊಲೆಯ ಕೆಂಡದಲ್ಲಿ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ ಕಾಲ ಬುಡದಲ್ಲಿಟ್ಟುಕೊಂಡು ಮಲಗಿ. ನಮ್ಮ ಅಜ್ಜಿ ಹಾಗೆಯೇ ಮಾಡುತ್ತಿದ್ದರು” ಎಂದು ಹೇಳಿದೆವು. ಅವರು ತಲೆಯಾಡಿಸಿದರು.

ಹತ್ತು ಹನ್ನೆರಡು ದಿನಗಳ ಮೇಲೆ ಅವರ ಮಗನಿಂದ ದೂರವಾಣಿ ಬಂದಿತು. ಗೌಡರು ತುಮಕೂರಿನ ಆಸ್ಪತ್ರೆಯೊಂದರಲ್ಲಿದ್ದರು. ನಾವು ಹೇಳಿದಂತೆಯೇ ಇಟ್ಟಿಗೆ ಇಟ್ಟುಕೊಂಡು ಮಲಗಿದ್ದರು. ನಿದ್ರೆಯಲ್ಲಿ ಬಟ್ಟೆ ಸರಿದು ಬಲಗಾಲಿನ ಬೆರಳುಗಳು ಇಟ್ಟಿಗೆಗೆ ತಗುಲಿ ಬೆಂದಿದ್ದವು. ಅವರಿಗೆ ಎಚ್ಚರವಾಗಲಿಲ್ಲ, ಏಕೆಂದರೆ ನೋವಾಗಲಿಲ್ಲ. ಬೆಳಿಗ್ಗೆ ನೆಲದ ಮೇಲಿನ ಒದ್ದೆ ಹೆಜ್ಜೆಯ ಗುರುತನ್ನು ಕಂಡು ಸೊಸೆ ಕೇಳಿದಾಗಲೇ ಅವರು ಪಾದವನ್ನು ನೋಡಿಕೊಂಡದ್ದು. ಅದಕ್ಕೂ ಏನೋ ಸೊಪ್ಪಿನ ರಸ ಹಚ್ಚಿ ಆರು ದಿನ ಕಳೆದರು. ವರ್ಷಗಳಿಂದ ಇದ್ದ ಸಕ್ಕರೆ ಕಾಯಿಲೆಗೆ ಅವರು ಗುಳಿಗೆಯನ್ನು ಒಂದು ದಿನ ನುಂಗಿ ಎರಡು ದಿನ ಬಿಡುತ್ತಿದ್ದರೆಂಬುದು ಆಗ ಮನೆಯವರಿಗೆ ತಿಳಿಯಿತು. ಗಾಯ ಕೀತು ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ನಾವು ನೋಡಲು ಹೋದಾಗ ಅವರು ನಮ್ಮನ್ನು ದೂರಲಿಲ್ಲ. “ಅವತ್ತು ರಾತ್ರಿ ಮಾತ್ರ ಬೆಚ್ಚಗೆ ನಿದ್ದೆ ಬಂದಿತ್ತು ಶಾಸ್ತ್ರಿಗಳೇ” ಎಂದರು. ನಮಗೆ ಹೇಳಲು ಏನೂ ತೋಚಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಪಾದಸುಪ್ತತೆ ಎಂಬ ಆ ಒಂದು ಶಬ್ದ ತಲೆಯಲ್ಲಿ ಸುತ್ತತೊಡಗಿತು. ಪ್ರಾಚೀನರು ತಿರುಚುವ ಕಾಲನ್ನೂ ಮರವಟ್ಟ ಕಾಲನ್ನೂ ಒಂದೇ ಹೆಸರಿನಿಂದ ಕರೆದಿರಲಿಲ್ಲ. ಬೇರೆ ಬೇರೆಯಾಗಿಯೇ ಎಣಿಸಿದ್ದರು. ಗೆಳೆಯರು ತಮ್ಮ ಬಾಯಿಂದಲೇ ಆ ಲಕ್ಷಣವನ್ನು ಹೇಳಿದ್ದರು. ಪಟ್ಟಿ ನಮ್ಮ ನಾಲಗೆಯ ಮೇಲಿತ್ತು, ಆದರೂ ನಾವು ಎರಡನ್ನೂ ಒಂದೇ ಎಂದು ತಿಳಿದು ಒಂದೇ ಮದ್ದು ಹೇಳಿದ್ದೆವು.

ಗೌಡರ ಕಾಲನ್ನು ನೋಡುತ್ತಿದ್ದ ವೈದ್ಯೆ ಚಿಕ್ಕ ವಯಸ್ಸಿನವರು, ತಾಳ್ಮೆಯುಳ್ಳವರು. ಎರಡನೆಯ ಸಲ ಹೋದಾಗ ನಾವು ನಡೆದುದನ್ನೆಲ್ಲ ಅವರ ಮುಂದೆ ಮುಚ್ಚಿಡದೆ ಹೇಳಿದೆವು. ಅವರು ಗದರಿಸಲಿಲ್ಲ. ನಮ್ಮನ್ನೂ ಕುಳ್ಳಿರಿಸಿ, ನೈಲಾನಿನ ಒಂದು ಸಣ್ಣ ಎಳೆಯನ್ನು ನಮ್ಮ ಪಾದದ ಅಲ್ಲಲ್ಲಿ ಒತ್ತಿ, ಕಣ್ಣು ಮುಚ್ಚಿಕೊಂಡು ತಿಳಿಯಿತೇ ಇಲ್ಲವೇ ಹೇಳಿರೆಂದರು. ಹತ್ತು ಗ್ರಾಂ ತೂಕದ ಒತ್ತಡಕ್ಕೆ ಬಾಗುವಂತೆ ಮಾಡಿದ ಎಳೆಯಂತೆ ಅದು. ಆಮೇಲೆ ಶ್ರುತಿಕವೆಯೊಂದನ್ನು ಮಿಡಿದು ಹೆಬ್ಬೆರಳಿನ ಮೂಳೆಯ ಮೇಲಿಟ್ಟರು. ಸಂಗೀತಗಾರರು ಶ್ರುತಿ ನೋಡುವ ಸಾಧನದಿಂದ ನರದ ಅರಿವನ್ನೂ ನೋಡಬಹುದೆಂಬುದನ್ನು ನಾವು ಅಂದೇ ಕಂಡದ್ದು. ನಮ್ಮ ಪಾದಕ್ಕೆ ಎಲ್ಲವೂ ತಿಳಿಯುತ್ತಿತ್ತು. ನಮ್ಮದು ಬರಿಯ ಸ್ನಾಯುಸೆಳೆತ, ಗೌಡರದು ಮಧುಮೇಹದಿಂದ ನರಗಳು ಸವೆದ ತೊಂದರೆ. ರಾತ್ರಿ ಕಾಲು ನೋಯುವುದೆಂಬ ಒಂದೇ ಮಾತಿನ ಒಳಗೆ ಇಂತಹ ಐದಾರು ಬೇರೆ ಬೇರೆ ಸಂಗತಿಗಳಿವೆ. ಅವರಿಂದ ಕೇಳಿದುದನ್ನೂ, ಅನಂತರ ನಾವು ಓದಿ ತಿಳಿದುದನ್ನೂ ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲನೆಯದು ನಮ್ಮ ಸೆಳೆತ. ಐವತ್ತು ದಾಟಿದವರಲ್ಲಿ ಇದು ಬಹಳ ಸಾಮಾನ್ಯ. ಮಲಗಿದಾಗ ಪಾದ ತಾನಾಗಿಯೇ ಕೆಳಮುಖವಾಗಿ ಚಾಚಿಕೊಳ್ಳುತ್ತದೆ. ಭಾರದ ರಗ್ಗು ಅದನ್ನು ಇನ್ನಷ್ಟು ಅದುಮುತ್ತದೆ. ಹೀಗೆ ಕುಗ್ಗಿರುವ ಮೀನಖಂಡಕ್ಕೆ ನರದಿಂದ ಅನವಶ್ಯಕ ಪ್ರಚೋದನೆ ಬಂದಾಗ ಅದು ಬಿಗಿದು ಬಿಡದಾಗುತ್ತದೆ. ಹಾಗೆ ಹಿಡಿದಾಗ ಪಾದವನ್ನು ಕೆಳಕ್ಕೆ ಚಾಚಬಾರದು. ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯಬೇಕು. ಕೈ ಎಟುಕದವರು ಶಲ್ಯವನ್ನು ಅಂಗಾಲಿಗೆ ಹಾಕಿ ಎರಡೂ ತುದಿಗಳನ್ನು ಹಿಡಿದೆಳೆಯಬಹುದು. ಎದ್ದು ನಿಂತು ಹಿಮ್ಮಡಿಯನ್ನು ನೆಲಕ್ಕೂರಿದರೂ ಆದೀತು. ಪಾಠಶಾಲೆಯ ಆ ಹಿರಿಯ ವಿದ್ಯಾರ್ಥಿ ಕಲಿಸಿದ್ದು ಅಕ್ಷರಶಃ ಇದನ್ನೇ. 2012ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಐವತ್ತೈದು ದಾಟಿದ 80 ಜನರ ಮೇಲೆ ನಡೆಸಿದ ಪರೀಕ್ಷೆಯೊಂದು ಪ್ರಕಟವಾಯಿತು. ಮಲಗುವ ಮುನ್ನ ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಹಿಗ್ಗಿಸುವ ಸರಳ ವ್ಯಾಯಾಮವನ್ನು ಆರು ವಾರ ಮಾಡಿದವರಿಗೆ ಸೆಳೆತವೂ ಅದರ ನೋವೂ ತಗ್ಗಿದುದು ಅದರಲ್ಲಿ ಕಂಡುಬಂದಿತು. ಗೋಡೆಯಿಂದ ಎರಡು ಮೂರು ಅಡಿ ದೂರದಲ್ಲಿ ನಿಂತು, ಅಂಗೈಗಳನ್ನು ಗೋಡೆಗೂರಿ, ಹಿಮ್ಮಡಿ ಮೇಲೇಳದಂತೆ ಮುಂದಕ್ಕೆ ಬಾಗಿ ಹತ್ತೆಣಿಸುವವರೆಗೆ ನಿಲ್ಲುವುದು, ಹೀಗೆ ಮೂರು ಸಲ. ನಾವು ಎರಡು ಮಾಗಿಗಳಿಂದ ಇದನ್ನು ತಪ್ಪದೆ ಮಾಡುತ್ತಿದ್ದೇವೆ. ವಾರಕ್ಕೆ ನಾಲ್ಕು ಸಲ ಹಿಡಿಯುತ್ತಿದ್ದ ಕಾಲು ಈಗ ತಿಂಗಳಿಗೊಮ್ಮೆ ಹಿಡಿದರೆ ಹೆಚ್ಚು.

ಇದಕ್ಕೆ ಹಿಂದೆ ಸಿಂಕೋನಾ ಮರದ ತೊಗಟೆಯಿಂದ ಬರುವ ಕ್ವಿನೈನನ್ನು ಕೊಡುತ್ತಿದ್ದರು. ಅದು ರಕ್ತದ ಮೇಲೂ ಹೃದಯದ ಬಡಿತದ ಮೇಲೂ ಅಪಾಯಕರ ಪರಿಣಾಮ ಮಾಡಬಹುದಾದುದರಿಂದ ಕಾಲುಸೆಳೆತಕ್ಕೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2010ರಲ್ಲಿ ಎಚ್ಚರಿಸಿತು. ಅಂಗಡಿಗಳಲ್ಲಿ ಮಾರುವ ಮೆಗ್ನೀಷಿಯಮ್ ಗುಳಿಗೆಗಳಿಂದ ವಯಸ್ಸಾದವರ ಸೆಳೆತಕ್ಕೆ ಹೇಳಿಕೊಳ್ಳುವಂತಹ ಪ್ರಯೋಜನ ಆಗಲಾರದೆಂದು ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪರಿಶೀಲನೆ ಹೇಳುತ್ತದೆ. ರಕ್ತದೊತ್ತಡಕ್ಕೆ ಕೊಡುವ, ಮೂತ್ರವನ್ನು ಹೆಚ್ಚಿಸುವ ಕೆಲವು ಗುಳಿಗೆಗಳಿಂದಲೂ ಸೆಳೆತ ಬರುವುದುಂಟು. ಹಾಗೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಕೊಟ್ಟ ವೈದ್ಯರಿಗೇ ಹೇಳಿ ಬದಲಾಯಿಸಿಕೊಳ್ಳಬೇಕು.

ಚಳಿಯೇ ಇದಕ್ಕೆ ಕಾರಣವೆಂದು ನಾವು ದೃಢವಾಗಿ ನಂಬಿದ್ದೆವು. ಆದರೆ 2015ರಲ್ಲಿ ಪ್ರಕಟವಾದ ಕೆನಡಾ ದೇಶದ ಅಧ್ಯಯನವೊಂದು ಅಲ್ಲಿನವರಲ್ಲಿ ರಾತ್ರಿಯ ಕಾಲುಸೆಳೆತ ನಡುಬೇಸಗೆಯಲ್ಲೇ ಹೆಚ್ಚು, ನಡುಚಳಿಗಾಲದಲ್ಲಿ ಕಡಿಮೆ ಎಂದು ತೋರಿಸಿದೆ. ಇದನ್ನು ಓದಿ ನಾವು ನಮ್ಮ ಮಾಗಿಯ ದಿನಚರಿಯನ್ನೇ ಪರೀಕ್ಷಿಸಿಕೊಂಡೆವು. ಚಳಿಯಲ್ಲಿ ಬಾಯಾರಿಕೆ ಇಲ್ಲವೆಂದು ನೀರು ಕುಡಿಯುವುದು ಕಡಿಮೆ. ಬೆಳಗಿನ ನಡಿಗೆಯನ್ನು ಇಬ್ಬನಿಯ ನೆಪದಲ್ಲಿ ಬಿಡುತ್ತೇವೆ. ಎರಡು ರಗ್ಗುಗಳನ್ನು ಕಾಲ ಬುಡದಲ್ಲಿ ಬಿಗಿಯಾಗಿ ಮಡಚಿ ಸಿಕ್ಕಿಸಿಕೊಳ್ಳುತ್ತೇವೆ. ನಮ್ಮ ಮಟ್ಟಿಗೆ ಚಳಿಗಿಂತ ಚಳಿಯಲ್ಲಿ ನಾವು ಬಾಳುವ ರೀತಿಯೇ ಕಾಲಿಗೆ ಒಗ್ಗಲಿಲ್ಲವೆಂದು ಈಗ ತೋರುತ್ತದೆ.

ಎರಡನೆಯದು ಗೌಡರದು. ಮಧುಮೇಹ ಹಲವು ವರ್ಷ ಹದ್ದುಮೀರಿದ್ದರೆ ಪಾದದ ನರಗಳು ಸವೆಯುತ್ತವೆ. ರಾತ್ರಿ ಉರಿ, ಚುಚ್ಚು, ಜುಮುಜುಮು, ಹಗಲು ಮರವಟ್ಟಂತಿರುವುದು, ಚಪ್ಪಲಿ ಕಳಚಿದರೂ ತಿಳಿಯದಿರುವುದು. ಇಂತಹವರಿಗೆ ಇಟ್ಟಿಗೆ, ಬಿಸಿನೀರಿನ ಚೀಲ, ಹುರಿದ ಉಪ್ಪಿನ ಗಂಟು, ಕೆಂಡದ ಅಗ್ಗಿಷ್ಟಿಕೆ ಯಾವುದೂ ಸಲ್ಲದು. ಹತ್ತಿಯ ಅಥವಾ ಉಣ್ಣೆಯ ಸಡಿಲವಾದ ಕಾಲುಚೀಲವೇ ಸಾಕು. ಸ್ನಾನದ ನೀರಿಗೆ ಪಾದವನ್ನಿಡುವ ಮೊದಲು ಮೊಣಕೈಯಿಂದ ಹದ ನೋಡಬೇಕು, ಇಲ್ಲವೇ ಮನೆಯವರಿಗೆ ನೋಡಲು ಹೇಳಬೇಕು. ದಿನಕ್ಕೊಮ್ಮೆ ಅಂಗಾಲನ್ನೂ ಬೆರಳಸಂದಿಗಳನ್ನೂ ಕಣ್ಣಾರೆ ನೋಡಿಕೊಳ್ಳಬೇಕು. ಬರಿಗಾಲಿನಲ್ಲಿ ತೋಟಕ್ಕೆ ಇಳಿಯಬಾರದು. ಸಣ್ಣ ಗುಳ್ಳೆಯೆಂದು ಆರು ದಿನ ಕಾದುದರ ಫಲವನ್ನು ನಾವು ಕಂಡಿದ್ದೇವೆ.

ಮೂರನೆಯದು ರಕ್ತನಾಳ ಕಿರಿದಾಗುವುದು. ಬೀಡಿ ಸೇದುವವರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಇದು ಹೆಚ್ಚು. ಇಂತಿಷ್ಟು ದೂರ ನಡೆದರೆ ಮೀನಖಂಡ ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ. ರೋಗ ಬಲಿತಾಗ ಮಲಗಿದರೂ ಪಾದ ನೋಯುತ್ತದೆ. ಮಂಚದಿಂದ ಕಾಲನ್ನು ಇಳಿಬಿಟ್ಟರೆ ಹಾಯೆನಿಸುತ್ತದೆ. ಹೀಗೆ ಕಾಲು ಇಳಿಬಿಟ್ಟು ಕುಳಿತೇ ರಾತ್ರಿ ಕಳೆಯುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅದನ್ನು ಚಳಿಯೆಂದು ಬಗೆಯದೆ ಬೇಗನೆ ವೈದ್ಯರಿಗೆ ತೋರಿಸಿರಿ. ಇದಕ್ಕೆ ವಿರುದ್ಧವಾದುದು ಉಬ್ಬಿದ ಸಿರೆಗಳ ನೋವು. ನೆಟ್ಟ ಹಾರೆಯ ಮುಂದೆ ದಿನವೆಲ್ಲ ನಿಂತು ಕಾಯಿ ಸುಲಿಯುವ ನಮ್ಮ ಶ್ರಮಿಕರಿಗೂ, ಹೊತ್ತುಗಟ್ಟಲೆ ನಿಲ್ಲುವ ಅಧ್ಯಾಪಕರಿಗೂ ಇದು ಪರಿಚಿತ. ಇದರಲ್ಲಿ ಕಾಲನ್ನು ಎತ್ತರಕ್ಕಿಟ್ಟರೆ ನೆಮ್ಮದಿ. ಇವೆರಡಕ್ಕೂ ಹೊರತಾಗಿ, ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಕೆಂಪೇರಿ ನೋಯತೊಡಗಿದರೆ ಸಿರೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ನೀವದೆ, ಎಣ್ಣೆ ತಿಕ್ಕದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಜಿಲ್ಲೆಯ ಪಾವಗಡದ ಕಡೆಯಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಮೂಳೆ ಕೀಲುಗಳು ಬಿಗಿದು ನೋಯುವ ಬಾಧೆ ಬಹುಕಾಲದಿಂದ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಊರಿನ ಅನೇಕರಿಗೆ ಒಟ್ಟಿಗೆ ಕಾಲುನೋವಿದ್ದರೆ ನೀರನ್ನೂ ಪರೀಕ್ಷೆ ಮಾಡಿಸುವುದು ವಿವೇಕ.

ಇನ್ನೊಂದನ್ನು ಕೊನೆಗೆ ಉಳಿಸಿಕೊಂಡಿದ್ದೇವೆ. ವೈದ್ಯೆ ಇದನ್ನು ಹೇಳುತ್ತಿದ್ದಾಗ ನಮ್ಮ ಮನೆಯವರೂ ಪಕ್ಕದಲ್ಲಿ ಕುಳಿತಿದ್ದರು. ಕೆಲವರಿಗೆ ರಾತ್ರಿ ಮಲಗಿದೊಡನೆ ಕಾಲಿನೊಳಗೆ ಹೇಳಲಾಗದ ತಳಮಳ. ಕಾಲನ್ನು ಆಡಿಸದೆ ಇರಲಾಗದು. ಎದ್ದು ನಡೆದಾಡಿದರೆ ಮಾತ್ರ ಸಮಾಧಾನ. 1945ರಲ್ಲಿ ಎಕ್‌ಬೊಮ್ ಎಂಬ ಸ್ವೀಡನ್ನಿನ ವೈದ್ಯರು ಇದನ್ನು ವಿಸ್ತಾರವಾಗಿ ವಿವರಿಸಿ ಹೆಸರಿಟ್ಟರಂತೆ. ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ, ಗರ್ಭಿಣಿಯರಿಗೆ, ಮೂತ್ರಪಿಂಡದ ಕಾಯಿಲೆಯವರಿಗೆ ಇದು ಹೆಚ್ಚೆಂದು ಆಕೆ ವಿವರಿಸುತ್ತಿದ್ದಾಗ ನಮ್ಮ ಮನೆಯವರು ಮೆಲ್ಲನೆ, “ಅದೇ ನನಗಿರೋದು” ಎಂದರು.

ನಾವು ಬೆರಗಾದೆವು. ಮದುವೆಯಾಗಿ ಮೂವತ್ತೆಂಟು ವರ್ಷ. ಎಷ್ಟೋ ರಾತ್ರಿ ಅವರು ಎದ್ದು ತೊಟ್ಟಿಯ ಸುತ್ತ ನಡೆದಾಡುತ್ತಿದ್ದುದನ್ನು ನಾವು ಅರೆನಿದ್ರೆಯಲ್ಲಿ ಕಂಡಿದ್ದೆವು. ದನಕ್ಕೆ ಹುಲ್ಲು ಹಾಕಲು ಎದ್ದಿರಬೇಕು, ಅಟ್ಟದಲ್ಲಿ ಇಲಿಯ ಸದ್ದಾಗಿರಬೇಕು ಎಂದು ಮಗ್ಗುಲು ಬದಲಿಸುತ್ತಿದ್ದೆವು. ನಮ್ಮ ಕಾಲು ಹಿಡಿದಾಗಲೆಲ್ಲ ಅವರೇ ಎದ್ದು ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಕರ್ಪೂರ ಹಾಕಿ ತಿಕ್ಕುತ್ತಿದ್ದರು. ಅವರು ಅಷ್ಟು ಬೇಗ ಎದ್ದುಬರುವುದು ಹೇಗೆಂದು ನಾವೆಂದೂ ಯೋಚಿಸಿರಲಿಲ್ಲ. “ಇಷ್ಟು ವರ್ಷ ಏಕೆ ಹೇಳಲಿಲ್ಲ?” ಎಂದು ಕೇಳಿದೆವು. “ಏನಂತ ಹೇಳಲಿ? ನೋವು ಅನ್ನೋ ಹಾಗಿಲ್ಲ, ನೋವಿಲ್ಲ ಅನ್ನೋ ಹಾಗೂ ಇಲ್ಲ. ನೀವೂ ಕೇಳಲಿಲ್ಲ” ಎಂದರು.

ರಕ್ತಪರೀಕ್ಷೆಯಲ್ಲಿ ಅವರ ಕಬ್ಬಿಣದ ಸಂಗ್ರಹ ಬಹಳ ಕಡಿಮೆಯಿರುವುದು ಕಂಡಿತು. ಏಕೆ ಕಡಿಮೆಯಾಯಿತೆಂದು ತಿಳಿಯಲು ಇನ್ನೂ ಕೆಲವು ಪರೀಕ್ಷೆಗಳಾದವು. ದೈವಕೃಪೆಯಿಂದ ಭಯಪಡುವಂತಹುದೇನೂ ಸಿಗಲಿಲ್ಲ. ಗುಳಿಗೆ ಕೊಟ್ಟರು. ಊಟದ ಜೊತೆಗೇ ಕಾಫಿ ಟೀ ಕುಡಿದರೆ ಆಹಾರದ ಕಬ್ಬಿಣ ಮೈಗೆ ಹತ್ತುವುದಿಲ್ಲವಾದ್ದರಿಂದ ಅದನ್ನು ಊಟದಿಂದ ದೂರವಿಡಲು ಹೇಳಿದರು. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿಕೊಳ್ಳುವುದು ಒಳ್ಳೆಯದೆಂದರು. ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ತೊಟ್ಟಿಯ ಸುತ್ತಲಿನ ಆ ನಡಿಗೆ ಬಹುಮಟ್ಟಿಗೆ ನಿಂತಿತು.

ಎಣ್ಣೆ ಹಚ್ಚುವುದನ್ನು ನಾವು ಬಿಟ್ಟಿಲ್ಲ. ಪಾದಕ್ಕೆ ಎಣ್ಣೆ ಹಚ್ಚುವ ಪಾದಾಭ್ಯಂಗವನ್ನು ಚರಕರೂ ವಾಗ್ಭಟರೂ ದಿನಚರಿಯಲ್ಲೇ ಸೇರಿಸಿದ್ದಾರೆ. ಅದು ಸೆಳೆತವನ್ನು ತಡೆಯುವುದೋ ಇಲ್ಲವೋ, ನೀವುವ ಕೈ ಪಾದದ ಗಾಯವನ್ನೂ ಊತವನ್ನೂ ತಣ್ಣಗಾದ ಬೆರಳನ್ನೂ ಅಂದೇ ಕಂಡುಹಿಡಿಯುತ್ತದೆ. ಬೆಚ್ಚಗಿನ ಎಣ್ಣೆಯನ್ನು ಮೊದಲು ನಮ್ಮ ಮುಂಗೈಯ ಮೇಲೆ ಹಾಕಿ ನೋಡುತ್ತೇವೆ. ಈಗ ಕೆಲವು ರಾತ್ರಿ ಅವರ ಪಾದಕ್ಕೆ ನಾವು ಹಚ್ಚುತ್ತೇವೆ. ಮೊದಮೊದಲು ಅವರು ಸಂಕೋಚದಿಂದ ಕಾಲನ್ನು ಎಳೆದುಕೊಳ್ಳುತ್ತಿದ್ದರು. ಪೂಜೆಗೆ ಪದ್ಮಾಸನ ಸಾಗದ ದಿನ ಇಬ್ಬರೂ ಗೋಡೆಗೊರಗಿ ಎತ್ತರದ ಮಣೆಯ ಮೇಲೆ ಕುಳಿತುಕೊಳ್ಳುತ್ತೇವೆ. ಕಾಲು ಮರವಟ್ಟು ಏಳಲಾರದೆ ಬೀಳುವುದಕ್ಕಿಂತ ಅದೇ ಮೇಲು. ಲಿಂಗದೇವನು ಆಸನವನ್ನು ಅಳೆಯುವವನಲ್ಲ.

ಗೌಡರು ಈಗ ಎಡೆಯೂರಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಮೆತ್ತನೆಯ ಅಟ್ಟೆಯ, ಅವರ ಪಾದಕ್ಕೆಂದೇ ಮಾಡಿಸಿದ ಪಾದರಕ್ಷೆ ಅವರಿಗಿದೆ. ಗುಳಿಗೆಯನ್ನು ತಪ್ಪಿಸುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳು ಅಂಗಾಲಿಗೆ ಬ್ಯಾಟರಿ ಬಿಟ್ಟು ನೋಡಿ ವರದಿ ಒಪ್ಪಿಸುತ್ತಾಳೆ. ಈ ಮಾಗಿಯಲ್ಲಿ ನಾವು ಅವರ ಮನೆಯಲ್ಲಿ ಒಂದು ರಾತ್ರಿ ತಂಗಿದ್ದಾಗ ಆ ಹುಡುಗಿ, “ತಾತ, ಇವತ್ತು ಎಂಟು ಬೆರಳೂ ಚೆನ್ನಾಗಿವೆ” ಎಂದಳು. ಗೌಡರು ನಕ್ಕರು. ನಾವು ನಗಲಾಗದೆ ಹೊರಗೆ ನೋಡಿದೆವು. ತೋಟದಲ್ಲಿ ಇಬ್ಬನಿ ಆಗಲೇ ಬೀಳತೊಡಗಿತ್ತು.

ಈಗಲೂ ಜನ ನಮ್ಮಲ್ಲಿಗೆ ಬಂದು ಕಾಲುನೋವಿಗೆ ಮದ್ದು ಕೇಳುವುದುಂಟು. ಮದ್ದು ಹೇಳುವುದನ್ನು ನಾವು ನಿಲ್ಲಿಸಿದ್ದೇವೆ. ಅದರ ಬದಲು ನಾಲ್ಕು ಪ್ರಶ್ನೆ ಕೇಳುತ್ತೇವೆ: ಹಿಡಿದು ಬಿಡುತ್ತದೆಯೋ, ಉರಿಯುತ್ತದೆಯೋ? ಪಾದಕ್ಕೆ ಅರಿವಿದೆಯೋ? ನಡೆದರೆ ಹೆಚ್ಚೋ ಕಡಿಮೆಯೋ? ಸಕ್ಕರೆ ನೋಡಿಸಿ ಎಷ್ಟು ದಿನವಾಯಿತು? ಉತ್ತರವನ್ನು ಕೇಳಿದ ಮೇಲೆ, ಬೇಕಾದವರನ್ನು ತಿಪಟೂರಿನ ಸರಕಾರಿ ಆಸ್ಪತ್ರೆಗೆ ನಾವೇ ಕರೆದುಕೊಂಡು ಹೋಗುತ್ತೇವೆ. ಓದುಗ ಬಂಧುಗಳು ಈ ನಾಲ್ಕು ಪ್ರಶ್ನೆಗಳನ್ನು ಇಂದು ರಾತ್ರಿ ತಮ್ಮ ಮನೆಯ ಹಿರಿಯರಿಗೆ, ಮುಖ್ಯವಾಗಿ ಏನನ್ನೂ ಹೇಳದೆ ಎದ್ದು ನಡೆದಾಡುವ ತಾಯಂದಿರಿಗೆ, ಕೇಳಬೇಕೆಂದು ನಮ್ಮ ಬಿನ್ನಹ.